ಕಾಲ್ಚೆಂಡಾಟದ ತಂಡವಿಚಾರವೂ ನ್ಯಾಯಶಾಸ್ತ್ರದ ಕಥಾಲಕ್ಷಣವೂ

ನ್ಯಾಯಶಾಸ್ತ್ರವನ್ನು ಪಾಠಹೇಳುವವರಿಗೆಲ್ಲ ಗೊತ್ತಿರುವ ಕಷ್ಟವೊಂದುಂಟು. ಪಂಚಾವಯವವಾಕ್ಯವನ್ನು ಬೋಧಿಸಹೊರಟಾಗ ಬೆಟ್ಟ, ಹೊಗೆ, ಬೆಂಕಿ, ಅಡಿಗೆಮನೆ ಎಂಬ ನಾಲ್ಕನ್ನು ಬಿಟ್ಟು ಐದನೆಯ ವಸ್ತು ನಮ್ಮ ಬಾಯಿಗೆ ಬರುವುದಿಲ್ಲ. ವಿದ್ಯಾರ್ಥಿಯು ಅವನ್ನು ಕಂಠಸ್ಥಮಾಡುವನು, ಪರೀಕ್ಷೆಯಲ್ಲಿ ಒಪ್ಪಿಸುವನು. ಆದರೆ ತಾನು ದಿನವೂ ಆಡುವ ಮಾತಿನಲ್ಲಿ ಪ್ರತಿಜ್ಞೆ ಯಾವುದು, ಹೇತು ಯಾವುದು, ಹೇತ್ವಾಭಾಸ ಯಾವುದು ಎಂಬುದನ್ನು ಗುರುತಿಸಲಾರನು. ವಾದ, ಜಲ್ಪ, ವಿತಂಡಗಳೆಂಬ ಕಥಾತ್ರಯವಂತೂ ಅವನ ಪಾಲಿಗೆ ಎಂದೋ ಮುಗಿದುಹೋದ ರಾಜಸಭೆಗಳ ಸಂಗತಿ.

ಕೆಲವು ಕಾಲದ ಹಿಂದೆ ಒಂದು ಸಂಜೆ ನಮ್ಮ ಪಾಠಶಾಲೆಯ ಜಗಲಿಯಲ್ಲಿ ವಿದ್ಯಾರ್ಥಿಗಳು ಗುಂಪುಗೂಡಿ ಗಟ್ಟಿಯಾಗಿ ವಾದಿಸುತ್ತಿದ್ದರು. ಶಾಸ್ತ್ರಾರ್ಥವಿರಬಹುದೆಂದು ಸಂತೋಷಪಟ್ಟು ಕಿವಿಗೊಟ್ಟೆನು. ವಿಷಯವು ಶಾಸ್ತ್ರವಾಗಿರಲಿಲ್ಲ. ಬ್ರೆಜಿಲ್ ದೇಶಕ್ಕೂ ಉರುಗ್ವೆ ದೇಶಕ್ಕೂ ನಡೆಯಲಿದ್ದ ಕಾಲ್ಚೆಂಡಿನ ಪಂದ್ಯದಲ್ಲಿ ಬ್ರೆಜಿಲಿನ ಪರವಾಗಿ ಯಾವ ಹನ್ನೊಂದು ಮಂದಿ ಆಡತಕ್ಕದ್ದೆಂಬುದೇ ಅವರ ವಿವಾದವಾಗಿದ್ದಿತು. ಗದರಿಸಿ ಓದಲು ಕಳುಹಿಸಬೇಕೆಂದು ಹೋದವನು ಕಾಲುಗಂಟೆಯ ಹೊತ್ತು ಅಲ್ಲಿಯೇ ನಿಂತೆನು. ತರಗತಿಯಲ್ಲಿ ಹೇತುವೆಂದರೆ ಮಿಕಮಿಕನೆ ನೋಡುತ್ತಿದ್ದ ಹುಡುಗನೊಬ್ಬನು ಇಲ್ಲಿ ಎದುರಾಳಿಯ ಹೇತುವಿಗೆ ವ್ಯಭಿಚಾರವನ್ನು ಥಟ್ಟನೆ ತೋರಿಸುತ್ತಿದ್ದನು. ದೋಷದ ಹೆಸರು ಮಾತ್ರ ಅವನಿಗೆ ತಿಳಿಯದು. ಅಂದಿನಿಂದ ಈ ಎರಡು ದೇಶಗಳ ಆಟದ ಚರಿತ್ರೆಯನ್ನು ಕೇಳಿಯೂ ಓದಿಯೂ ತಿಳಿದುಕೊಂಡೆನು. ಅದರ ಫಲವೇ ಈ ಲೇಖನ.

ಇದು ದೂರದೇಶದ ಆಟ, ನಮಗೇನು ಎನ್ನುವಂತಿಲ್ಲ. ಬೆಂಗಳೂರಿನ ಹಲಸೂರಿಗೆ ಸಮೀಪದ ಗೌತಮಪುರದಲ್ಲಿ ಬ್ರೆಜಿಲಿನ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿರುವರು. ವಿಶ್ವಕಪ್ಪಿನ ಕಾಲದಲ್ಲಿ ಅಲ್ಲಿಯ ಬೀದಿಗಳಲ್ಲಿ ಹಳದಿಯ ಬಾವುಟಗಳು ಹಾರುವುವು. ನ್ಯಾಯಸೂತ್ರಕಾರನ ಹೆಸರೂ ಗೌತಮನೆಂಬುದು ಕಾಕತಾಳೀಯವಾದರೂ ನನಗೆ ಶುಭಶಕುನವಾಗಿ ತೋರಿತು.

ಪ್ರತಿಪಾದಿಸಬೇಕಾದ ಅರ್ಥವು ಇಷ್ಟು: ತಂಡವಿಚಾರವು ನಿಜವಾದ ಕಥೆಯಾಗಬಲ್ಲದು, ಕಥೆಯೆಂದರೆ ಇಲ್ಲಿ ಕಟ್ಟುಕಥೆಯಲ್ಲ, ಶಾಸ್ತ್ರೋಕ್ತವಾದ ಪಕ್ಷಪ್ರತಿಪಕ್ಷಗಳ ಸಂವಾದ. ಆದರೆ ಜನರು ಅದಕ್ಕೆ ನಿರ್ಣಾಯಕವೆಂದು ನಂಬಿರುವ ಪಂದ್ಯದ ಫಲಿತಾಂಶವು ಕೆಲವು ಮಾತುಗಳಿಗೆ ಮಾತ್ರ ನಿರ್ಣಾಯಕವು, ಮುಖ್ಯವಾದ ಮಾತಿಗೆ ಎಂದಿಗೂ ಅಲ್ಲ. ಈ ಭೇದವನ್ನು ಮರೆತಲ್ಲಿ ವಾದವು ಕೆಡುವುದಷ್ಟೇ ಅಲ್ಲ, ಮನುಷ್ಯನೊಬ್ಬನ ಬಾಳೇ ಕೆಡುವುದುಂಟು.

೧. ವಿಷಯನಿರೂಪಣೆ

ಆಟವನ್ನು ನೋಡಿರದ ವಾಚಕರಿಗಾಗಿ ಎರಡು ಮಾತು. ಒಂದೊಂದು ಕಡೆಗೆ ಹನ್ನೊಂದು ಜನರು. ಅವರಲ್ಲಿ ಒಬ್ಬನು ಗೋಲ್‌ಕೀಪರು. ಚೆಂಡನ್ನು ಕೈಯಿಂದ ಹಿಡಿದು ಗೋಲನ್ನು ಕಾಯುವ ಅಧಿಕಾರ ಅವನಿಗೊಬ್ಬನಿಗೇ. ಉಳಿದ ಹತ್ತು ಜನರನ್ನು ಹಿಂದಣ ಸಾಲು, ನಡುವಣ ಸಾಲು, ಮುಂದಣ ಸಾಲು ಎಂದು ಹಂಚುವರು. ಯಾರು ಆಡಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ನಿಶ್ಚಯಿಸುವವನು ತರಬೇತುದಾರನು. ನಿಶ್ಚಯದ ಅಧಿಕಾರ ಅವನದಾದರೂ ವಿಚಾರದ ಅಧಿಕಾರವನ್ನು ದೇಶದ ಪ್ರತಿಯೊಬ್ಬನೂ ತನ್ನದೆಂದು ಭಾವಿಸುವನು. ಪಂದ್ಯಕ್ಕೆ ಮುಂಚೆ ಜನರು ನಡೆಸುವ ಈ ಚರ್ಚೆಯನ್ನೇ ತಂಡವಿಚಾರವೆಂದು ಕರೆದಿರುವೆನು.

ಬ್ರೆಜಿಲ್, ಉರುಗ್ವೆಗಳು ನೆರೆಯ ರಾಜ್ಯಗಳು. ಒಂದು ಬಹು ದೊಡ್ಡದು, ಇನ್ನೊಂದು ಬಹು ಚಿಕ್ಕದು. ಇವುಗಳ ಸ್ಪರ್ಧೆಗೆ ಮರೆಯಲಾಗದ ತೀಕ್ಷ್ಣತೆಯುಂಟಾದುದು ೧೯೫೦ನೆಯ ಜುಲೈ ೧೬ರಂದು. ಆ ವರ್ಷದ ವಿಶ್ವಕಪ್ಪು ಬ್ರೆಜಿಲಿನಲ್ಲಿಯೇ ನಡೆಯಿತು. ಕೊನೆಯ ಸುತ್ತಿನಲ್ಲಿ ನಾಲ್ಕು ದೇಶಗಳು ಪರಸ್ಪರ ಆಡಬೇಕಾಗಿದ್ದಿತು. ಬ್ರೆಜಿಲು ಸ್ವೀಡನ್ನನ್ನು ೭–೧ರಿಂದಲೂ ಸ್ಪೇನನ್ನು ೬–೧ರಿಂದಲೂ ಸೋಲಿಸಿದ್ದಿತು. ರಿಯೊ ನಗರದ ಮರಕನಾ ಕ್ರೀಡಾಂಗಣದಲ್ಲಿ ಉರುಗ್ವೆಯೊಡನೆ ನಡೆದ ಕಡೆಯ ಪಂದ್ಯದಲ್ಲಿ ಬ್ರೆಜಿಲಿಗೆ ಗೆಲುವೂ ಬೇಕಿರಲಿಲ್ಲ, ಸಮವಾದರೆ ಸಾಕಾಗಿದ್ದಿತು. ಅಂದಿನ ಬೆಳಗಿನ ಪತ್ರಿಕೆಯೊಂದು ಬ್ರೆಜಿಲಿನ ತಂಡದ ಚಿತ್ರವನ್ನು ಅಚ್ಚುಮಾಡಿ, ಇವರೇ ಜಗತ್ತಿನ ವಿಜೇತರೆಂದು ಸಾರಿಬಿಟ್ಟಿತು. ಹೇತುವಿಗೆ ಮೊದಲೇ ನಿಗಮನ! ಹಣತೆತ್ತು ಒಳಹೊಕ್ಕ ಪ್ರೇಕ್ಷಕರೇ ೧,೭೩,೦೦೦ಕ್ಕೂ ಮಿಕ್ಕಿದ್ದರು. ದ್ವಿತೀಯಾರ್ಧದ ಆರಂಭದಲ್ಲಿಯೇ ಬ್ರೆಜಿಲಿನ ಫ್ರಿಯಾಸನು ಗೋಲು ಹೊಡೆದನು. ಬಳಿಕ ಉರುಗ್ವೆಯ ಸ್ಕಿಯಾಫಿನೊ ಅದನ್ನು ಸಮಮಾಡಿದನು. ಆಟ ಮುಗಿಯಲು ಇನ್ನು ಹನ್ನೊಂದು ನಿಮಿಷಗಳಿರುವಾಗ ಗಿಜ್ಜಿಯನು ಎರಡನೆಯ ಗೋಲನ್ನು ಹೊಡೆದನು. ೨–೧ರಿಂದ ಉರುಗ್ವೆಯು ಗೆದ್ದಿತು. ಅದುವರೆಗೆ ಬಿಳಿಯ ಅಂಗಿಯನ್ನು ತೊಡುತ್ತಿದ್ದ ಬ್ರೆಜಿಲಿನವರು ಕೆಲವು ವರ್ಷಗಳೊಳಗೆ ಅದನ್ನೇ ತೊರೆದು ಹಳದಿಯ ಅಂಗಿಯನ್ನು ಸ್ವೀಕರಿಸಿದರೆಂದರೆ ಆ ದುಃಖದ ಅಳತೆಯನ್ನು ಊಹಿಸಬಹುದು. ಅಂದಿನಿಂದ ಉರುಗ್ವೆಯೊಡನೆ ಪಂದ್ಯವೆಂದರೆ ತಂಡವಿಚಾರಕ್ಕೆ ಹಳೆಯ ಗಾಯದ ಬಿಸಿಯೂ ಕೂಡಿಕೊಳ್ಳುತ್ತ ಬಂದಿದೆ.

೨. ಪಕ್ಷ, ಪ್ರತಿಪಕ್ಷ, ಅಧಿಕರಣ

ಕಥೆಯು ಹುಟ್ಟಬೇಕಾದರೆ ಎರಡು ವಿರುದ್ಧಧರ್ಮಗಳು ಒಂದೇ ಅಧಿಕರಣದಲ್ಲಿ ಹೇಳಲ್ಪಡಬೇಕೆಂಬುದು ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನ ಅಭಿಪ್ರಾಯ. ಆತ್ಮವು ನಿತ್ಯವೆಂದು ಒಬ್ಬನೂ ಬುದ್ಧಿಯು ಅನಿತ್ಯವೆಂದು ಇನ್ನೊಬ್ಬನೂ ಹೇಳಿದರೆ ಅಲ್ಲಿ ವಿವಾದವೇ ಇಲ್ಲ, ಎರಡೂ ನಿಜವಾಗಿರಬಹುದು. ತಂಡವಿಚಾರದ ಮುಕ್ಕಾಲು ಪಾಲು ಕೂಗಾಟವು ಇಂಥ ಅವಿವಾದವೇ ಎಂಬುದನ್ನು ಒಂದು ಪ್ರಸಂಗದಿಂದ ತೋರಿಸುವೆನು.

೧೯೯೨ರ ಡಿಸೆಂಬರಿನಲ್ಲಿ ಜರ್ಮನಿಯೊಡನೆ ನಡೆದ ಸ್ನೇಹಪಂದ್ಯಕ್ಕಾಗಿ, ಹಾಲೆಂಡಿನಲ್ಲಿ ಆಡುತ್ತಿದ್ದ ರೊಮಾರಿಯೊ ಎಂಬ ಮುಂದಣ ಸಾಲಿನ ಆಟಗಾರನನ್ನು ಬ್ರೆಜಿಲಿಗೆ ಕರೆಯಿಸಿದರು. ಆದರೆ ಆಡಿಸದೆ ಬೆಂಚಿನಲ್ಲಿ ಕುಳ್ಳಿರಿಸಿದರು. ಇಷ್ಟು ದೂರ ಕರೆಯಿಸಿ ಕುಳ್ಳಿರಿಸುವುದೇಕೆಂದು ಅವನು ಬಹಿರಂಗವಾಗಿ ಆಕ್ಷೇಪಿಸಿದನು. ತರಬೇತುದಾರ ಪರೇರಾ ಅವನನ್ನು ದೂರವಿಟ್ಟನು. ೧೯೯೩ರಲ್ಲಿ ವಿಶ್ವಕಪ್ಪಿನ ಅರ್ಹತಾಪಂದ್ಯಗಳು ನಡೆದಾಗ ಎಂಟರಲ್ಲಿ ಮೊದಲ ಏಳಕ್ಕೆ ಅವನಿಲ್ಲ. ಅವುಗಳಲ್ಲಿ ಒಂದರಲ್ಲಿ ಬ್ರೆಜಿಲು ಬೊಲಿವಿಯಕ್ಕೆ ಸೋತಿತು. ಅರ್ಹತಾಪಂದ್ಯಗಳಲ್ಲಿ ಬ್ರೆಜಿಲಿಗೆ ಅದೇ ಮೊದಲ ಸೋಲು. ಎಂಟನೆಯದು ಮರಕನಾದಲ್ಲಿ, ಅದೇ ಉರುಗ್ವೆಯೊಡನೆ. ಅಂದೂ ಸಮವಾದರೆ ಸಾಕು; ಸೋತರೆ ಮಾತ್ರ ವಿಶ್ವಕಪ್ಪಿಗೆ ಹೊರಗು. ನಲವತ್ತಮೂರು ವರ್ಷಗಳ ಹಿಂದಿನ ದಿನವೇ ಮರಳಿ ಬಂದಂತಾಯಿತು. ರೊಮಾರಿಯೊವನ್ನು ಕರೆಯಬೇಕೆಂಬ ಕೂಗು ದೇಶವನ್ನೆಲ್ಲ ತುಂಬಿತು.

ಜನರ ಮಾತನ್ನು ಶಾಸ್ತ್ರದ ಅಚ್ಚಿನಲ್ಲಿ ಎರೆದರೆ ಹೀಗಾಗುವುದು. ರೊಮಾರಿಯೊ ಈ ಪಂದ್ಯದಲ್ಲಿ ಆಡತಕ್ಕವನು, ಇದು ಪ್ರತಿಜ್ಞೆ. ಗೋಲು ಹೊಡೆಯುವುದರಲ್ಲಿ ಮಿಕ್ಕವರೆಲ್ಲರಿಗಿಂತ ಸಮರ್ಥನಾದುದರಿಂದ, ಇದು ಹೇತು. ಯಾವಾತನು ಅಂಥ ಸಮರ್ಥನೋ ಆತನು ಆಡತಕ್ಕವನು, ೧೯೫೮ರ ವಿಶ್ವಕಪ್ಪಿನ ಮೊದಲೆರಡು ಪಂದ್ಯಗಳಲ್ಲಿ ಹೊರಗಿದ್ದು ಮೂರನೆಯದರಲ್ಲಿ ಸೇರಿಸಲ್ಪಟ್ಟ ಪೆಲೆಯಂತೆ, ಇದು ಉದಾಹರಣೆ. ಇವನೂ ಹಾಗೆಯೇ ಸಮರ್ಥನು, ಇದು ಉಪನಯ. ಆದುದರಿಂದ ಇವನು ಆಡತಕ್ಕವನೇ, ಇದು ನಿಗಮನ. ಅವಯವಗಳೈದೂ ಅಂದವಾಗಿ ಕೂಡಿವೆ.

ಎದುರುಪಕ್ಷದವರು ಏನೆಂದರು? ಅವನು ಕಟ್ಟಳೆಗೆ ಒಗ್ಗದವನು, ಅವನಿಂದ ತಂಡದ ಒಗ್ಗಟ್ಟು ಕೆಡುವುದು ಎಂದರು. ಆದರೆ ಮೊದಲನೆಯ ಮಾತಿನ ಅಧಿಕರಣ ಆಟಗಾರನ ಕಾಲು. ಎರಡನೆಯದರ ಅಧಿಕರಣ ಅವನ ನಡತೆ. ಅವನು ಅತಿಸಮರ್ಥನೂ ಅತಿಕಠಿಣನೂ ಏಕಕಾಲದಲ್ಲಿ ಆಗಿರಬಹುದು. ಎರಡು ಪಕ್ಷಗಳೂ ಒಂದನ್ನೊಂದು ಮುಟ್ಟದೆ ತಿಂಗಳುಗಟ್ಟಲೆ ಕೂಗಿದವು. ನಿಜವಾದ ಅಧಿಕರಣವು ಆಟಗಾರನೂ ಅಲ್ಲ, ಅವನ ನಡತೆಯೂ ಅಲ್ಲ, ಅವನನ್ನುಳ್ಳ ತಂಡ. ಅವನನ್ನುಳ್ಳ ತಂಡವು ಅವನಿಲ್ಲದ ತಂಡಕ್ಕಿಂತ ಈ ಪಂದ್ಯದಲ್ಲಿ ಮೇಲೋ ಅಲ್ಲವೋ ಎಂದು ಕೇಳಿದಾಗಲೇ ಪಕ್ಷಪ್ರತಿಪಕ್ಷಗಳು ಎದುರುಬದುರಾಗುವುವು. ಶಿಷ್ಯರಿಗೆ ಮೊದಲು ಕಲಿಸತಕ್ಕದ್ದು ಇದನ್ನೇ: ವಿವಾದಕ್ಕೆ ಮುನ್ನ ಅಧಿಕರಣವನ್ನು ಗೊತ್ತುಮಾಡಿಕೊಳ್ಳಿರಿ.

೩. ಮುಚ್ಚಿಟ್ಟ ಪ್ರಯೋಜನ

ಷೋಡಶಪದಾರ್ಥಗಳಲ್ಲಿ ಪ್ರಯೋಜನವೂ ಒಂದು. ಯಾವುದನ್ನು ಉದ್ದೇಶಿಸಿ ಮನುಷ್ಯನು ಪ್ರವರ್ತಿಸುವನೋ ಅದು ಪ್ರಯೋಜನ. ತಂಡವಿಚಾರದಲ್ಲಿ ನುಡಿಯುವ ಪ್ರಯೋಜನ ಒಂದು, ಒಳಗಿನ ಪ್ರಯೋಜನ ಇನ್ನೊಂದು ಆಗಿರುವುದುಂಟು.

ಬ್ರೆಜಿಲಿನಲ್ಲಿ ರಿಯೊ, ಸಾವ್ ಪಾವ್ಲೊ ಎಂಬ ಎರಡು ಮಹಾನಗರಗಳಿಗೆ ಬಹುಕಾಲದ ಮೇಲಾಟವುಂಟು. ೧೯೩೦ರಲ್ಲಿ ಮೊದಲನೆಯ ವಿಶ್ವಕಪ್ಪು ಉರುಗ್ವೆಯಲ್ಲಿ ನಡೆದಾಗ ಈ ಎರಡು ನಗರಗಳ ಆಟದ ಸಂಸ್ಥೆಗಳಿಗೆ ಜಗಳವಾಗಿ, ಸಾವ್ ಪಾವ್ಲೊವಿನ ಕಡೆಯಿಂದ ಒಬ್ಬನ ಹೊರತು ಯಾರೂ ಹೋಗಲಿಲ್ಲ. ದೇಶದ ತಂಡವೆಂಬ ಹೆಸರಿನಲ್ಲಿ ಒಂದು ನಗರದ ತಂಡವೇ ಹೋದಂತಾಯಿತು. ೧೯೫೦ರಲ್ಲಿಯೂ ಇದರ ನೆರಳು ಕಾಣುವುದು. ಮೊದಲನೆಯ ಪಂದ್ಯವನ್ನು ರಿಯೊವಿನಲ್ಲಿ ೪–೦ರಿಂದ ಗೆದ್ದ ಬ್ರೆಜಿಲು ಎರಡನೆಯ ಪಂದ್ಯವನ್ನು ಸಾವ್ ಪಾವ್ಲೊವಿನಲ್ಲಿ ಆಡಬೇಕಾಯಿತು. ಆಗ ತರಬೇತುದಾರ ಫ್ಲಾವಿಯೊ ಕೋಸ್ತನು ಆ ನಗರದ ಜನರ ಮನಸ್ಸನ್ನು ಹಿಡಿಯಲು ಅಲ್ಲಿಯ ಆಟಗಾರರನ್ನು ನಡುವಣ ಸಾಲಿಗೆ ಸೇರಿಸಿದನು. ಸ್ವಿಟ್ಸರ್ಲೆಂಡಿನೊಡನೆ ನಡೆದ ಆ ಪಂದ್ಯವು ೨–೨ರಿಂದ ಸಮವಾಯಿತು. ಈ ಆಟಗಾರನು ಯೋಗ್ಯನು ಎಂಬ ಪ್ರತಿಜ್ಞೆಯ ಹಿಂದೆ ಇವನು ನಮ್ಮೂರಿನವನು ಎಂಬ ಹೇತುವು ಅಡಗಿ ಕುಳಿತಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಪ್ರಭುತ್ವವೂ ಈ ಕಥೆಯೊಳಕ್ಕೆ ಕಾಲಿಟ್ಟಿರುವುದುಂಟು. ೧೯೬೯ರಲ್ಲಿ ಪತ್ರಿಕಾಲೇಖಕನಾದ ಜೊವಾವ್ ಸಲ್ದಾನ್ಯನೆಂಬವನನ್ನೇ ತರಬೇತುದಾರನನ್ನಾಗಿ ನೇಮಿಸಿದರು. ಟೀಕಿಸುವವನನ್ನೇ ಪೀಠದಲ್ಲಿ ಕುಳ್ಳಿರಿಸಿದ ಈ ಪ್ರಯೋಗ ವಿಚಿತ್ರವಾದುದು. ಅವನು ನೇಮಕವಾದೊಡನೆಯೇ ತನ್ನ ಹನ್ನೊಂದು ಮಂದಿಯ ಹೆಸರುಗಳನ್ನು ಎಲ್ಲರೆದುರಿಗೆ ಹೇಳಿ, ತಂಡವಿಚಾರದ ಬಾಯನ್ನೇ ಕಟ್ಟಲು ನೋಡಿದನು. ಆಗ ರಾಷ್ಟ್ರಾಧ್ಯಕ್ಷನಾಗಿದ್ದ ಸೇನಾಧಿಕಾರಿ ಮೆದಿಸಿಗೆ ದಾರಿಯೊ ಎಂಬ ಆಟಗಾರನಲ್ಲಿ ಮೆಚ್ಚಿಕೆಯಿದ್ದಿತೆಂದೂ, ಮಂತ್ರಿಗಳನ್ನು ಆರಿಸುವುದು ಅವರ ಕೆಲಸ, ಆಟಗಾರರನ್ನು ಆರಿಸುವುದು ನನ್ನ ಕೆಲಸ ಎಂಬರ್ಥದ ಉತ್ತರವನ್ನು ಸಲ್ದಾನ್ಯನು ಕೊಟ್ಟನೆಂದೂ ಪ್ರಸಿದ್ಧಿಯಿದೆ. ೧೯೭೦ರ ಮಾರ್ಚಿಯಲ್ಲಿ ಅವನು ಪದಚ್ಯುತನಾದನು. ಅವನ ಸ್ಥಾನಕ್ಕೆ ಬಂದ ಜಗಾಲೊ ದಾರಿಯೊವನ್ನು ತಂಡದೊಡನೆ ಮೆಕ್ಸಿಕೊಗೆ ಕರೆದೊಯ್ದನು. ಆದರೆ ಒಂದು ಪಂದ್ಯದಲ್ಲಿಯೂ ಆಡಿಸಲಿಲ್ಲ. ರಾಜಸಭೆಯ ವಾದಗಳಲ್ಲಿ ಸಭಾಪತಿಯ ಒಲವನ್ನು ಅರಿತು ನುಡಿಯುತ್ತಿದ್ದವರನ್ನು ಬಲ್ಲ ನಮಗೆ ಇದು ಹೊಸದಲ್ಲ.

೪. ಹೇತ್ವಾಭಾಸ

ಅದೇ ೧೯೭೦ರ ತಂಡವಿಚಾರದಲ್ಲಿ ಒಂದು ಹೇತುವು ಬಹುವಾಗಿ ಪ್ರಚಾರಕ್ಕೆ ಬಂದಿದ್ದಿತು. ಪೆಲೆ, ತೊಸ್ತಾವ್ ಇಬ್ಬರೂ ಒಂದೇ ಬಗೆಯ ಆಟಗಾರರು. ಒಂದೇ ಬಗೆಯವರಿಬ್ಬರು ಒಂದೇ ತಂಡದಲ್ಲಿ ಸಲ್ಲರು. ಆದುದರಿಂದ ತೊಸ್ತಾವನು ಪೆಲೆಯ ಬದಲಿಯಾಗಿರಬೇಕೇ ಹೊರತು ಜೊತೆಗಾರನಲ್ಲ ಎಂಬುದು ಅದರ ಸ್ವರೂಪ. ಎಲ್ಲಿ ಸಮಾನಧರ್ಮವೋ ಅಲ್ಲಿ ಸಹವಾಸಾಯೋಗ್ಯತೆ ಎಂಬುದು ಇಲ್ಲಿಯ ವ್ಯಾಪ್ತಿ.

ವಿನೋದವೇನೆಂದರೆ, ಈ ವ್ಯಾಪ್ತಿಗೆ ವ್ಯಭಿಚಾರಸ್ಥಳವು ಆಗಲೇ ಕಣ್ಣೆದುರಿಗಿದ್ದಿತು. ೧೯೬೯ರ ಅರ್ಹತಾಪಂದ್ಯಗಳಲ್ಲಿ ಇಬ್ಬರೂ ಕೂಡಿ ಆಡಿದ್ದರು. ಬ್ರೆಜಿಲು ಆರಕ್ಕೆ ಆರನ್ನೂ ಗೆದ್ದಿತು. ತೊಸ್ತಾವನೊಬ್ಬನೇ ಹತ್ತು ಗೋಲುಗಳನ್ನು ಹೊಡೆದಿದ್ದನು. ಹೇತುವಿದ್ದೂ ಸಾಧ್ಯವಿಲ್ಲದ ಸ್ಥಳ ಒಂದೇ ಒಂದು ಸಿಕ್ಕಿದರೂ ಹೇತುವು ಸವ್ಯಭಿಚಾರವಾಗುವುದು. ಆದರೂ ಆ ಮಾತು ಸಾಯಲಿಲ್ಲ. ಮೆಕ್ಸಿಕೊದಲ್ಲಿ ಜಗಾಲೊ ಇವರಿಬ್ಬರ ಜೊತೆಗೆ ಜೆರ್ಸನ್, ರಿವೆಲಿನೊ, ಜೈರ್‌ಜಿನ್ಯೊ ಎಂಬವರನ್ನೂ ಕೂಡಿಸಿದನು. ತಂತಮ್ಮ ಸಂಘಗಳಲ್ಲಿ ಇವರೆಲ್ಲರೂ ಮುಂದಾಳುಗಳೇ. ಉಪಾಂತ್ಯದಲ್ಲಿ ಮತ್ತೆ ಎದುರಾದುದು ಉರುಗ್ವೆ. ಮೊದಲ ಗೋಲನ್ನು ಉರುಗ್ವೆಯೇ ಹೊಡೆದಾಗ ೧೯೫೦ನ್ನು ನೆನೆದು ಎಷ್ಟು ಎದೆಗಳು ಕುಸಿದವೋ! ಕೊನೆಗೆ ೩–೧ರಿಂದ ಬ್ರೆಜಿಲು ಗೆದ್ದಿತು. ಅನಂತರ ಇಟಲಿಯನ್ನು ೪–೧ರಿಂದ ಸೋಲಿಸಿ ಕಪ್ಪನ್ನೂ ಪಡೆಯಿತು.

ಮಿಕ್ಕ ಆಭಾಸಗಳಿಗೂ ಇಲ್ಲಿ ಕೊರತೆಯಿಲ್ಲ. ಇವನು ಆಡತಕ್ಕವನು, ಏಕೆಂದರೆ ಇವನು ತಂಡಕ್ಕೆ ತಕ್ಕವನು ಎಂಬುದು ಸಾಧ್ಯಸಮ; ಸಾಧಿಸಬೇಕಾದುದನ್ನೇ ಸಾಧನವೆಂದು ಒಡ್ಡಿದಂತೆ. ಇವನು ಅನುಭವಿ, ಆದುದರಿಂದ ಆಡಲಿ ಎಂದು ಒಬ್ಬನೂ, ಇವನು ಅನುಭವಿ, ಎಂದರೆ ವಯಸ್ಸಾದವನು, ಆದುದರಿಂದ ಬೇಡ ಎಂದು ಇನ್ನೊಬ್ಬನೂ ಹೇಳುವಾಗ ಅನುಭವವೆಂಬ ಹೇತುವು ಎರಡು ಕಡೆಗೂ ಓಲುವುದು, ಇದೂ ಅನೈಕಾಂತಿಕವೇ. ಪದದ ಅರ್ಥವನ್ನು ತಿರುಚುವ ವಾಕ್ಛಲಕ್ಕೂ, ಹೋಲಿಕೆಮಾತ್ರದಿಂದ ಖಂಡಿಸುವ ಜಾತಿಗೂ ಉದಾಹರಣೆಗಳನ್ನು ಯಾವ ಹುಡುಗನಾದರೂ ಒಂದು ಸಂಜೆಯಲ್ಲಿ ಹತ್ತಾರು ಹೇಳಬಲ್ಲನು.

೫. ಫಲಿತಾಂಶವು ನಿರ್ಣಯವೇ?

ಇನ್ನು ಮುಖ್ಯವಾದ ಮಾತು. ಪಂದ್ಯವು ಮುಗಿದೊಡನೆ ಗೆದ್ದ ಪಕ್ಷದ ಅಭಿಮಾನಿಯು, ನೋಡಿದಿರಾ, ನಾನು ಹೇಳಿದಂತೆಯೇ ಆಯಿತು ಎನ್ನುವನು. ಪಂದ್ಯವನ್ನೇ ಮಧ್ಯಸ್ಥನೆಂದು ಎಲ್ಲರೂ ಒಪ್ಪುವರು. ಇದು ಯುಕ್ತವೇ?

೧೯೯೩ನೆಯ ಸೆಪ್ಟೆಂಬರ್ ೧೯. ಮುಲ್ಲರನೆಂಬ ಆಟಗಾರನಿಗೆ ಗಾಯವಾಗಿ, ರೊಮಾರಿಯೊವಿಗೆ ಕರೆಬಂದಿತು. ಮರಕನಾದಲ್ಲಿ ಉರುಗ್ವೆಯ ಮೇಲೆ ಬ್ರೆಜಿಲು ೨–೦ರಿಂದ ಗೆದ್ದಿತು. ಎರಡು ಗೋಲುಗಳನ್ನೂ ಅವನೇ ಹೊಡೆದನು. ಮರುವರ್ಷ ಬ್ರೆಜಿಲು ವಿಶ್ವಕಪ್ಪನ್ನು ಗೆದ್ದಾಗ ಆ ಸ್ಪರ್ಧೆಯ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿಯೂ ಅವನಿಗೇ ಬಂದಿತು. ಜನರ ಪಕ್ಷವು ಸಿದ್ಧಾಂತವಾಯಿತೆಂದು ಯಾರಾದರೂ ಹೇಳಿಯಾರು.

೨೦೦೧ನೆಯ ಜುಲೈ ೧ರಂದು ಸ್ಕೊಲಾರಿಯು ತರಬೇತುದಾರನಾಗಿ ತನ್ನ ಮೊದಲ ಪಂದ್ಯವನ್ನು ಎದುರಿಸಿದನು. ಎದುರಾಳಿ ಉರುಗ್ವೆಯೇ, ಸ್ಥಳ ಮಾತ್ರ ಮೊಂಟೆವಿಡಿಯೊ. ರೊಮಾರಿಯೊ ಆಡಿದನು, ಬ್ರೆಜಿಲು ೧–೦ರಿಂದ ಸೋತಿತು. ಆಮೇಲೆ ಸ್ಕೊಲಾರಿಯು ಅವನನ್ನು ಕೈಬಿಟ್ಟನು. ೨೦೦೨ರ ವಿಶ್ವಕಪ್ಪಿಗೆ ಮೊದಲು ದೇಶವೆಲ್ಲ ಮತ್ತೆ ಅದೇ ಕೂಗನ್ನು ಕೂಗಿತು. ಮೂವತ್ತಾರು ವರ್ಷದ ಆ ಆಟಗಾರನು ಪತ್ರಕರ್ತರೆದುರಿಗೆ ಕಣ್ಣೀರಿಟ್ಟನು. ಸ್ಕೊಲಾರಿ ಕದಲಲಿಲ್ಲ. ಬ್ರೆಜಿಲು ಏಳಕ್ಕೆ ಏಳು ಪಂದ್ಯಗಳನ್ನೂ ಗೆದ್ದು, ಜೂನ್ ೩೦ರಂದು ಜರ್ಮನಿಯನ್ನು ೨–೦ರಿಂದ ಸೋಲಿಸಿ ಕಪ್ಪನ್ನು ತಂದಿತು. ಅವೇ ಜನರು, ಅದೇ ಆಟಗಾರ, ಅದೇ ಹೇತು. ಫಲ ಮಾತ್ರ ವಿಪರೀತ. ಹಾಗಾದರೆ ೧೯೯೩ರಲ್ಲಿ ಜನರು ಬಲ್ಲವರು, ೨೦೦೨ರಲ್ಲಿ ಮೂಢರೇ?

ಇಲ್ಲಿಯೇ ತರ್ಕಪದಾರ್ಥದ ಸ್ವರೂಪವನ್ನು ನೆನೆಯಬೇಕು. ತರ್ಕವು ಪ್ರಮಾಣವಲ್ಲ, ಪ್ರಮಾಣಕ್ಕೆ ಸಹಾಯಕ. ಹೀಗಿದ್ದಿದ್ದರೆ ಹೀಗಾಗುತ್ತಿದ್ದಿತು ಎಂಬ ಊಹೆಯೇ ಅದರ ಶರೀರ. ತಂಡವಿಚಾರದ ಸಾಧ್ಯವು ಯಾವಾಗಲೂ ಎರಡು ತಂಡಗಳ ತಾರತಮ್ಯ: ರೊಮಾರಿಯೊವನ್ನುಳ್ಳದ್ದು ಮತ್ತು ಅವನಿಲ್ಲದ್ದು. ಇವುಗಳಲ್ಲಿ ಒಂದೇ ಮೈದಾನಕ್ಕೆ ಇಳಿಯುವುದು. ಇನ್ನೊಂದು ಆ ದಿನ, ಆ ಎದುರಾಳಿಯೊಡನೆ ಎಂದೆಂದಿಗೂ ಆಡದು. ೨೦೦೨ರಲ್ಲಿ ರೊಮಾರಿಯೊ ಇದ್ದಿದ್ದರೂ ಗೆಲ್ಲುತ್ತಿದ್ದರೇನೋ. ೧೯೯೩ರಲ್ಲಿ ಅವನಿಲ್ಲದಿದ್ದರೂ ಗೆಲ್ಲುತ್ತಿದ್ದರೇನೋ. ಆಡಿದ ತಂಡಕ್ಕೆ ಪ್ರತ್ಯಕ್ಷವುಂಟು, ಆಡದ ತಂಡಕ್ಕೆ ಊಹೆಯಷ್ಟೇ ಉಂಟು. ಪ್ರತ್ಯಕ್ಷದಿಂದ ಸಿದ್ಧವಾದುದನ್ನೂ ಊಹೆಯಿಂದ ಕಲ್ಪಿತವಾದುದನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿ, ತಾರತಮ್ಯವು ಪ್ರತ್ಯಕ್ಷವಾಯಿತೆನ್ನುವುದು ಭ್ರಮೆ.

ಹಾಗಾದರೆ ಪಂದ್ಯದಿಂದ ಏನೂ ತಿಳಿಯುವುದಿಲ್ಲವೇ ಎಂದರೆ, ಅದೂ ಸರಿಯಲ್ಲ. ಒಂದೇ ಬಗೆಯವರು ಕೂಡಿ ಆಡಲಾರರು ಎಂಬಂಥ ಸಾಮಾನ್ಯವ್ಯಾಪ್ತಿಯನ್ನು ಮುರಿಯಲು ಒಂದು ಪಂದ್ಯ ಸಾಕು. ಅವನಿಲ್ಲದೆ ಗೆಲ್ಲಲಾರೆವು ಎಂಬ ೨೦೦೨ರ ಕೂಗನ್ನೂ ಫಲಿತಾಂಶವು ನಿಶ್ಚಯವಾಗಿ ಮುರಿಯಿತು. ಆದರೆ ಅವನಿದ್ದರೆ ಇನ್ನೂ ಚೆನ್ನಾಗಿರುತ್ತಿರಲಿಲ್ಲ ಎಂಬುದನ್ನು ಅದು ಸ್ಥಾಪಿಸಲಿಲ್ಲ. ಮುರಿಯಲು ಸಮರ್ಥ, ಸ್ಥಾಪಿಸಲು ಅಸಮರ್ಥ: ಪಂದ್ಯವೆಂಬ ಮಧ್ಯಸ್ಥನ ಅಧಿಕಾರದ ಎಲ್ಲೆ ಇದು. ಅದರಾಚೆಗಿನ ಮಾತಿಗೆ ಪ್ರಮಾಣದ ಬೆಂಬಲವುಳ್ಳ ತರ್ಕವೊಂದೇ ಗತಿ; ನಿರ್ಣಯವು ಬಾರದಿದ್ದಲ್ಲಿ ಸಂಶಯವನ್ನು ಸಂಶಯವಾಗಿಯೇ ಇಟ್ಟುಕೊಳ್ಳುವುದು ವಿವೇಕ.

೬. ನಿಗ್ರಹವು ಯಾರಿಗೆ?

ಈ ಎಲ್ಲೆಯನ್ನು ಮೀರಿದಾಗ ಏನಾಗುವುದೆಂಬುದನ್ನು ೧೯೫೦ರ ಗೋಲ್‌ಕೀಪರನಾದ ಮೊವಾಸಿರ್ ಬಾರ್ಬೋಸನ ಬಾಳು ತೋರಿಸುವುದು. ಗಿಜ್ಜಿಯನ ಎರಡನೆಯ ಗೋಲನ್ನು ತಡೆಯಲಾಗಲಿಲ್ಲವೆಂಬುದೇ ಅವನ ಅಪರಾಧ. ಆ ಕ್ಷಣವನ್ನು ಪರಿಶೀಲಿಸೋಣ. ಮೊದಲ ಗೋಲು ಬಂದುದು ಹೇಗೆ? ಗಿಜ್ಜಿಯನು ಬಲಪಕ್ಕದಿಂದ ಓಡಿಬಂದು ಚೆಂಡನ್ನು ನಡುವಿಗೆ ತಳ್ಳಿದನು, ಸ್ಕಿಯಾಫಿನೊ ಹೊಡೆದನು. ಎರಡನೆಯ ಬಾರಿಯೂ ಗಿಜ್ಜಿಯನು ಅದೇ ಪಕ್ಕದಿಂದ ಓಡಿಬಂದನು. ಈ ಸಲವೂ ನಡುವಿಗೆ ತಳ್ಳುವನೆಂದು ಬಾರ್ಬೋಸನು ಅನುಮಾನಿಸಿ ಒಂದು ಹೆಜ್ಜೆ ಮುಂದಿಟ್ಟನು. ಗಿಜ್ಜಿಯನು ಕೀಪರಿಗೂ ಹತ್ತಿರದ ಕಂಬಕ್ಕೂ ನಡುವಣ ಸಂದಿಯಲ್ಲಿ ನೇರವಾಗಿ ಹೊಡೆದನು. ದೃಷ್ಟಾಂತದಿಂದ ಅನುಮಾನಮಾಡಿದವನು ಬಾರ್ಬೋಸನು; ದೃಷ್ಟಾಂತವು ಒಂದೇ ಆದುದರಿಂದ ವ್ಯಾಪ್ತಿ ನಿಲ್ಲಲಿಲ್ಲ. ಆದರೆ ಕಣ್ಣು ಮುಚ್ಚಿ ತೆರೆಯುವಷ್ಟು ಕಾಲದಲ್ಲಿ ಅದಕ್ಕಿಂತ ಉತ್ತಮವಾದ 사ಧನವು ಯಾರಿಗಿದ್ದೀತು?

ದೇಶವು ಅವನನ್ನು ಕ್ಷಮಿಸಲಿಲ್ಲ. ಅವನೊಡನೆ ಬಿಗೋಡೆ, ಜುವೆನಲ್ ಎಂಬ ಹಿಂದಣ ಸಾಲಿನವರನ್ನೂ ದೂರಿದರು. ಮೂವರೂ ಕಪ್ಪುವರ್ಣದವರೆಂಬುದು ಕಾಕತಾಳೀಯವಲ್ಲವೆಂದು ಆ ದೇಶದ ವಿಚಾರವಂತರೇ ಬರೆದಿರುವರು. ಕಪ್ಪುವರ್ಣದವನು ಗೋಲು ಕಾಯಲು ಆಗನು ಎಂಬ ದುಷ್ಟವ್ಯಾಪ್ತಿಯೊಂದು ಒಬ್ಬನ ಒಂದು ಕ್ಷಣದಿಂದ ಹುಟ್ಟಿ ದಶಕಗಳ ಕಾಲ ತಂಡವಿಚಾರದಲ್ಲಿ ಪಿಸುಮಾತಾಗಿ ಉಳಿಯಿತು. ೨೦೦೬ರ ವಿಶ್ವಕಪ್ಪಿನಲ್ಲಿ ದೀದಾ ಎಂಬ ಕಪ್ಪುವರ್ಣದ ಕೀಪರನು ಬ್ರೆಜಿಲಿನ ಗೋಲನ್ನು ಕಾದಾಗ ಅನೇಕರು ಬಾರ್ಬೋಸನನ್ನು ನೆನೆದರು. ಅವನಾದರೋ ೨೦೦೦ನೆಯ ಏಪ್ರಿಲಿನಲ್ಲಿಯೇ ತೀರಿಹೋಗಿದ್ದನು. ನಮ್ಮ ದೇಶದಲ್ಲಿ ಅತ್ಯಂತ ದೊಡ್ಡ ಶಿಕ್ಷೆ ಮೂವತ್ತು ವರ್ಷ. ನಾನು ಮಾಡದ ಅಪರಾಧಕ್ಕೆ ಐವತ್ತು ವರ್ಷ ಅನುಭವಿಸಿದೆನು ಎಂಬರ್ಥದ ಅವನ ಮಾತು ಪ್ರಸಿದ್ಧವಾಗಿದೆ.

ಗೌತಮನು ಇಪ್ಪತ್ತೆರಡು ನಿಗ್ರಹಸ್ಥಾನಗಳನ್ನು ಎಣಿಸಿರುವನು. ಅವೆಲ್ಲವೂ ವಾದಿಯ ಕಥಾಪ್ರವೃತ್ತಿಗೆ ಸಂಬಂಧಪಟ್ಟವು: ಪ್ರತಿಜ್ಞೆಯನ್ನು ಬಿಡುವುದು, ಅರ್ಥವಿಲ್ಲದೆ ನುಡಿಯುವುದು, ಉತ್ತರತೋರದಿರುವುದು ಇತ್ಯಾದಿ. ವಾದಿಯ ಜಾತಿಯಾಗಲಿ ಮೈಬಣ್ಣವಾಗಲಿ ನಿಗ್ರಹಸ್ಥಾನವೆಂದು ಎಲ್ಲಿಯೂ ಹೇಳಿಲ್ಲ. ಕಥೆ ಮುಗಿದೊಡನೆ ನಿಗ್ರಹವೂ ಮುಗಿಯತಕ್ಕದ್ದು. ಐವತ್ತು ವರ್ಷಗಳ ನಿಗ್ರಹವನ್ನು ಯಾವ ಶಾಸ್ತ್ರವೂ ವಿಧಿಸಿಲ್ಲ.

೭. ಉಪಸಂಹಾರ

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಸಂಭಾಷೆಯು ಎರಡು ಬಗೆಯೆಂದು ಹೇಳಿದೆ: ಸ್ನೇಹದಿಂದ ಕೂಡಿ ಆಡುವ ಸಂಧಾಯಸಂಭಾಷೆ, ಗೆಲ್ಲಲೆಂದೇ ಆಡುವ ವಿಗೃಹ್ಯಸಂಭಾಷೆ. ಪಂದ್ಯದ ಮುನ್ನಾದಿನದ ಜಗಲಿಯ ಚರ್ಚೆಯಲ್ಲಿ ಇವೆರಡೂ ಬೆರೆತಿರುವುವು. ಎಲ್ಲರೂ ಒಂದೇ ತಂಡದ ಗೆಲುವನ್ನು ಬಯಸುವರು. ಆದರೂ ಒಬ್ಬರನ್ನೊಬ್ಬರು ಗೆಲ್ಲಲು ನೋಡುವರು. ಮೊದಲನೆಯ ಬಯಕೆಯು ಮೇಲಾದಾಗ ಅದು ವಾದ. ಎರಡನೆಯದು ಮೇಲಾದಾಗ ಜಲ್ಪ. ತನ್ನ ಹನ್ನೊಂದು ಹೆಸರುಗಳನ್ನು ಹೇಳದೆ ತರಬೇತುದಾರನ ಹನ್ನೊಂದನ್ನು ಹಳಿಯುವುದಷ್ಟೇ ಉಳಿದಾಗ ವಿತಂಡ. ಈ ಮೂರನ್ನೂ ಇಷ್ಟು ಹತ್ತಿರದಲ್ಲಿ ತೋರಿಸಬಲ್ಲ ಪಾಠಸಾಮಗ್ರಿ ನನಗೆ ಬೇರೆ ಸಿಕ್ಕಿಲ್ಲ.

ಇದನ್ನು ಓದಿ ನಗುವ ವಿದ್ವಾಂಸರು ನಮ್ಮ ಮನೆಯನ್ನೂ ಒಮ್ಮೆ ನೋಡಿಕೊಳ್ಳಬೇಕು. ಅಸಗನ ಕನ್ನಡಕಾವ್ಯ ನಮಗೆ ದೊರೆತಿಲ್ಲ. ಪೊನ್ನನು ತಾನು ಅವನನ್ನು ಮೀರಿದವನೆಂದು ಹೇಳಿಕೊಂಡಿರುವನು. ಪೊನ್ನನ ಕಾವ್ಯ ಉಳಿಯಿತು, ಅಸಗನದು ಉಳಿಯಲಿಲ್ಲ. ಆದುದರಿಂದ ಪೊನ್ನನೇ ಮೇಲು ಎನ್ನುವವನೂ, ಉಳಿದಿದ್ದರೆ ಅಸಗನೇ ಮೇಲಾಗುತ್ತಿದ್ದನು ಎನ್ನುವವನೂ ಆಡದ ತಂಡಕ್ಕೆ ಜಯಾಪಜಯಗಳನ್ನು ಹಂಚುವ ಅಭಿಮಾನಿಗಳೇ ಸರಿ. ಉಳಿದುದು ಮೈದಾನಕ್ಕಿಳಿದ ತಂಡ. ಉಳಿಯದುದರ ವಿಷಯದಲ್ಲಿ ನಮಗಿರುವುದು ತರ್ಕ, ನಿರ್ಣಯವಲ್ಲ.

ನಮ್ಮ ವಿದ್ಯಾರ್ಥಿಗಳಿಗೆ ಆ ಸಂಜೆಯ ಬಳಿಕ ನಾಲ್ಕು ನಿಯಮಗಳನ್ನು ಕೊಟ್ಟಿರುವೆನು. ಅಧಿಕರಣವನ್ನು ಮೊದಲು ಗೊತ್ತುಮಾಡಿಕೊಳ್ಳಿರಿ. ಒಳಗಿನ ಪ್ರಯೋಜನವನ್ನು ಬಾಯಿಬಿಟ್ಟು ಹೇಳಿರಿ. ಆಡಿದ ತಂಡದ ಫಲವನ್ನು ಆಡದ ತಂಡಕ್ಕೆ ಪ್ರಮಾಣವೆನ್ನಬೇಡಿರಿ. ಸೋತ ಮಾತನ್ನು ನಿಗ್ರಹಿಸಿರಿ, ಆಡಿದ ಮನುಷ್ಯನನ್ನಲ್ಲ. ಈಗಲೂ ಜಗಲಿಯಲ್ಲಿ ಗದ್ದಲವೇನೂ ಕಡಿಮೆಯಾಗಿಲ್ಲ. ಆದರೆ ಮೊನ್ನೆ ಒಬ್ಬನು ಇನ್ನೊಬ್ಬನಿಗೆ, ನಿನ್ನ ಹೇತು ಸವ್ಯಭಿಚಾರ ಕಣಯ್ಯ ಎಂದುದನ್ನು ಕೇಳಿದೆನು. ಬೆಟ್ಟದ ಹೊಗೆಯಿಂದ ಹತ್ತು ವರ್ಷಗಳಲ್ಲಿ ಆಗದುದು ಆಗಿದ್ದಿತು.